ಕಾರು ಆಮೇಲೆ, ಮೊದಲು ಮನೆಯ ಅರ್ತಿಂಗ್

ತಮ್ಮಾ,

ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ ದಿನಾ ಓಡಾಡಲು ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿದ್ದೀಯ, ಹೊಸಪೇಟೆಗೆ ಹೋಗಿ ಶೋರೂಮ್ ಸುತ್ತಿ ಬಂದಿದ್ದೀಯ ಅಂತ ನಿಮ್ಮವ್ವ ಹೇಳಿದಳು. ಒಳ್ಳೆಯ ಯೋಚನೆ. ಬೇಡ ಅನ್ನಲು ನಾನು ಬರೆಯುತ್ತಿಲ್ಲ. ಕೆಇಬಿ ಇದ್ದ ಕಾಲದಲ್ಲಿ ಲೈನಿಗೆ ಸೇರಿ, ಜೆಸ್ಕಾಂ ಆದ ಮೇಲೆ ನಿವೃತ್ತನಾದವನು ನಾನು. ಈ ಸೀಮೆಯ ಕರೆಂಟು ಯಾವ ತಿಂಗಳು ಹೇಗಿರುತ್ತದೆ, ಯಾವ ಹೊತ್ತಿಗೆ ಕೈ ಕೊಡುತ್ತದೆ ಅನ್ನುವುದು ಗೊತ್ತಿದೆ. ಶೋರೂಮಿನ ಹುಡುಗರು ಕಾರಿನ ಬಗ್ಗೆ ಎಲ್ಲ ಹೇಳುತ್ತಾರೆ. ಆದರೆ ನಿನ್ನ ಮನೆಯ ಬಗ್ಗೆ, ನಿನ್ನ ರಸ್ತೆಯ ಬಗ್ಗೆ ಅವರಿಗೇನು ಗೊತ್ತು?

ಪೆಟ್ರೋಲ್ ಕಾರು ಕೊಳ್ಳುವವನು ಕಾರು ನೋಡಿದರೆ ಸಾಕು. ಬಂಕು ದಾರಿಯಲ್ಲೆಲ್ಲಾದರೂ ಸಿಗುತ್ತದೆ. ಈ ಕಾರಿನ ಬಂಕು ಇರುವುದು ನಿನ್ನ ಮನೆಯ ಗೋಡೆಯಲ್ಲಿ. ದಿನದ ಓಡಾಟಕ್ಕೆ ರಾತ್ರಿ ಮನೆಯಲ್ಲಿ ಹಾಕಿದ ಚಾರ್ಜೇ ಆಧಾರ. ಆದ್ದರಿಂದ ಬಣ್ಣ, ಪರದೆ, ಸನ್‌ರೂಫ್ ಎಲ್ಲ ಬದಿಗಿಡು. ಮೊದಲು ಆ ಗೋಡೆಯ ಕಡೆ ನೋಡು.

ನಿಮ್ಮ ಮನೆ ಹಳೆಯದು. ಅಡುಗೆಮನೆಯಲ್ಲಿ ಗ್ರೈಂಡರಿಗೆ ಅಂತ ಹಾಕಿಸಿದ ಹದಿನೈದು ಆಂಪ್ಸಿನ ಪ್ಲಗ್ ಒಂದಿದೆಯಲ್ಲ, ಅದರ ಮುಖ ಬಿಚ್ಚಿ ನೋಡಿದರೆ ಮೂರನೆಯ ತೂತಿನ ಹಿಂದೆ ವೈರೇ ಇಲ್ಲದಿರಬಹುದು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಮಾಮೂಲು. ಇನ್ನು ಕೆಲವು ಕಡೆ ಅರ್ತಿನ ಪಿನ್ನನ್ನು ನ್ಯೂಟ್ರಲ್‌ಗೇ ಜೋಡಿಸಿ ಕೈತೊಳೆದುಕೊಂಡಿರುತ್ತಾರೆ. ಮಿಕ್ಸಿ, ಗ್ರೈಂಡರು ಇದನ್ನೆಲ್ಲ ಸಹಿಸಿಕೊಂಡು ತಿರುಗುತ್ತವೆ. ಕಾರಿನ ಚಾರ್ಜರು ಸಹಿಸುವುದಿಲ್ಲ. ಅರ್ತ್ ಸರಿಯಾಗಿ ಸಿಕ್ಕದಿದ್ದರೆ ಕೆಂಪು ದೀಪ ಹಾಕಿ ಸುಮ್ಮನಾಗಿಬಿಡುತ್ತದೆ. ಹೊಸ ಕಾರು ಮನೆಗೆ ತಂದು, ಪೂಜೆ ಮಾಡಿ, ನಿಂಬೆಹಣ್ಣು ತುಳಿಸಿ, ರಾತ್ರಿ ಚಾರ್ಜಿಗೆ ಹಾಕಿದರೆ ಹಿಡಿಯಲಿಲ್ಲ ಅಂತ ಕಂಗಾಲಾಗಿ ಫೋನು ಮಾಡಿದವರನ್ನು ಕಂಡಿದ್ದೇನೆ. ಕಾರಿನಲ್ಲಿ ದೋಷ ಇರಲಿಲ್ಲ.

ಅದಕ್ಕೆ ಹೊಸದಾಗಿ ಅರ್ತಿಂಗ್ ಗುಂಡಿ ತೋಡಿಸು. ಎಂಟು ಅಡಿಯ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ, ಮೇಲೆ ನೀರು ಹೊಯ್ಯಲು ಬಾಯಿ. ಅಲ್ಲಿಂದ ಪ್ಲಗ್ಗಿನವರೆಗೆ ಅರ್ತಿನ ವೈರು ಎಲ್ಲೂ ತುಂಡಾಗಬಾರದು. ನಿಮ್ಮ ಮನೆ ಇರುವುದು ಮಸಾರಿ ನೆಲದಲ್ಲಿ, ಗರಸು ಹೆಚ್ಚು. ಎರೆಮಣ್ಣು ಹಿಡಿದಿಟ್ಟುಕೊಂಡಷ್ಟು ತೇವ ಮಸಾರಿ ಹಿಡಿಯುವುದಿಲ್ಲ. ಹಾಗಾಗಿ ಕಾರ್ತಿಕದಲ್ಲಿ ಚೆನ್ನಾಗಿ ಚಾರ್ಜಾದ ಕಾರು ಯುಗಾದಿ ದಾಟಿದ ಮೇಲೆ ತಕರಾರು ತೆಗೆಯಬಹುದು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಗುಂಡಿಗೆ ಒಂದು ಕೊಡ ನೀರು ಹೊಯ್ಯುವ ಕೆಲಸ ಮಕ್ಕಳಿಗೆ ಹಚ್ಚು. ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿದೆ ಅಂದಾಗ ಹಾಗೇ ದುಡ್ಡು ಕೊಟ್ಟು ಕಳಿಸಬೇಡ. ನ್ಯೂಟ್ರಲ್ಲಿಗೂ ಅರ್ತಿಗೂ ಮೀಟರ್ ಹಿಡಿಸಿ ಎಷ್ಟು ವೋಲ್ಟ್ ತೋರಿಸುತ್ತದೆ ನೋಡು. ಎರಡು ಮೂರರ ಒಳಗಿದ್ದರೆ ನಿಶ್ಚಿಂತೆ. ಹತ್ತರ ಮೇಲೆ ಹೋದರೆ ಇನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ.

ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ನೇರವಾಗಿ ಬೇರೆಯದೇ ಲೈನು ಎಳೆಸು. ನಾಲ್ಕು ಎಂಎಂ ತಾಮ್ರದ ವೈರು, ಅದಕ್ಕೇ ಮೀಸಲಾದ ಎಂಸಿಬಿ, ಜೊತೆಗೆ ಆರ್‌ಸಿಸಿಬಿ. ಪ್ಲಗ್ಗಿಗೆ ಕಬ್ಬಿಣದ ಪೆಟ್ಟಿಗೆಯದು ಹಾಕಿಸಿದರೆ ಒಳ್ಳೆಯದು. ಮೊದಲ ದಿನ ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡು. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ, ಇಲ್ಲವೇ ಕಮಟು ವಾಸನೆ ಬಂದರೆ, ಒಳಗೆ ಸ್ಕ್ರೂ ಸಡಿಲ ಇದೆ. ಅಂಥದ್ದನ್ನು ಹಾಗೇ ಬಿಟ್ಟು ಮಲಗಬೇಡ. ಗ್ರೈಂಡರು ಗಂಟೆಯೊಳಗೆ ಕೆಲಸ ಮುಗಿಸುತ್ತದೆ, ಕಾರು ರಾತ್ರಿಯಿಡೀ ಹದಿಮೂರು ಹದಿನಾಲ್ಕು ಆಂಪ್ಸ್ ಎಳೆಯುತ್ತಿರುತ್ತದೆ. ಜಂಕ್ಷನ್ ಬಾಕ್ಸ್ ಹಾಕಿ ಕಿಟಕಿಯಿಂದ ವೈರು ಎಳೆಯುವುದಂತೂ ಬೇಡವೇ ಬೇಡ. ಮನೆಯ ಯುಪಿಎಸ್ ಲೈನಿಗೂ ಜೋಡಿಸಬೇಡ, ಅದರ ಕೈಲಿ ಆಗುವ ಕೆಲಸ ಅಲ್ಲ ಇದು.

ವೋಲ್ಟೇಜಿನ ಮಾತು. ನಿಮ್ಮ ಓಣಿ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರ, ಲೈನಿನ ಕಡೆಯ ತುದಿ. ಸಂಜೆ ಆರರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ಫ್ಯಾನು, ಟಿವಿ, ಮೋಟಾರು. ವೈರಿನಲ್ಲಿ ಹರಿಯುವ ಕರೆಂಟು ಹೆಚ್ಚಿದಷ್ಟೂ ತುದಿಯವರಿಗೆ ವೋಲ್ಟೇಜು ಇಳಿಯುತ್ತದೆ. ಅದು ಲೈನಿನ ಗುಣ. ರಾತ್ರಿ ಹನ್ನೊಂದರ ಮೇಲೆ ನೋಡು, ತಾನೇ ಏರಿರುತ್ತದೆ. ಈ ಕಾರುಗಳಲ್ಲಿ ಇಂಥ ಹೊತ್ತಿಗೆ ಚಾರ್ಜ್ ಶುರುವಾಗಲಿ ಅಂತ ಟೈಮ್ ಇಡುವ ಸೌಕರ್ಯ ಸಾಮಾನ್ಯವಾಗಿ ಇರುತ್ತದೆ. ಹನ್ನೊಂದಕ್ಕೆ ಇಡು. ಅಷ್ಟರಲ್ಲಿ ಸಂಜೆ ಓಡಿ ಬಿಸಿಯಾದ ಬ್ಯಾಟರಿಯೂ ತಣ್ಣಗಾಗಿರುತ್ತದೆ. ನಿನ್ನ ಎಪ್ಪತ್ತು ಕಿಲೋಮೀಟರ್ ಓಟಕ್ಕೆ ಹತ್ತು ಯೂನಿಟ್ ಸಾಕು, ಅಂದರೆ ಮೂರೂವರೆ ನಾಲ್ಕು ತಾಸು. ನಸುಕಿನಲ್ಲಿ ನೀನು ಏಳುವ ಮೊದಲೇ ಮುಗಿದಿರುತ್ತದೆ. ಗೋಡೆಗೆ ಹಾಕುವ ಏಳು ಕಿಲೋವ್ಯಾಟಿನ ದೊಡ್ಡ ಚಾರ್ಜರ್ ಅಂತ ಶೋರೂಮಿನವರು ಆಸೆ ತೋರಿಸುತ್ತಾರೆ. ಅದಕ್ಕೆ ಮನೆಯ ಲೋಡ್ ಹೆಚ್ಚಿಸಿಕೊಳ್ಳಬೇಕು, ಆರು ಎಂಎಂ ವೈರು ಬೇಕು, ತಿಂಗಳ ನಿಗದಿ ಶುಲ್ಕ ಏರುತ್ತದೆ. ನಿನಗೆ ಅದರ ಅಗತ್ಯ ಇಲ್ಲ.

ಈಗ ನಿಮ್ಮವ್ವನಿಗೆ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಗೃಹಜ್ಯೋತಿ ಬಂದಾಗಿನಿಂದ ನಿಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತಿದೆ. 2023ರ ಆಗಸ್ಟಿನಿಂದ ಅವಳಿಗೆ ಅದೊಂದು ನೆಮ್ಮದಿ. ಅದರ ನಿಯಮ ಸರಿಯಾಗಿ ತಿಳಿದುಕೋ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಒಂದಿಷ್ಟು ಸೇರಿಸಿ ಅಷ್ಟು ಉಚಿತ. ಅದನ್ನು ದಾಟಿ 200 ಯೂನಿಟ್ ಒಳಗೆ ನಿಂತರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಇಡೀ ಬಿಲ್ಲು ಕಟ್ಟಬೇಕು. ತಿಂಗಳಿಗೆ ಇಪ್ಪತ್ತೈದು ದಿನ, ದಿನಕ್ಕೆ ಎಪ್ಪತ್ತರಂತೆ 1750 ಕಿ.ಮೀ. ಓಡುತ್ತೀಯ. ನೂರು ಕಿ.ಮೀ.ಗೆ ಗೋಡೆಯಿಂದ ಹದಿನಾಲ್ಕು ಯೂನಿಟ್ ಹಿಡಿ, ಚಾರ್ಜಿಂಗ್‌ನಲ್ಲಿ ಆಗುವ ನಷ್ಟವೂ ಸೇರಿ. 245 ಯೂನಿಟ್ ಆಯಿತು. ಮನೆಯದೇ ಮೀಟರಿನಲ್ಲಿ ಹಾಕಿದರೆ ಮೊದಲ ತಿಂಗಳೇ ಗೃಹಜ್ಯೋತಿ ಕೈಬಿಟ್ಟಂತೆ. ನಿಮ್ಮವ್ವ ಫ್ಯಾನು ಆರಿಸಿ ಉಳಿಸಿದ ಯೂನಿಟ್ಟು ನಿನ್ನ ಕಾರಿನ ಲೆಕ್ಕದಲ್ಲಿ ಕರಗಿಹೋಗುತ್ತದೆ.

ದಾರಿ ಇದೆ. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಅಂತಲೇ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬೇರೆ ದರ ಗೊತ್ತುಮಾಡಿದೆ. ಅದಕ್ಕೆ ಬೇರೆ ಮೀಟರು ಕೇಳಬಹುದು. ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಹಾಕು, ಈಗಿನ ದರ, ನಿಗದಿ ಶುಲ್ಕ, ಠೇವಣಿ ಎಷ್ಟು ಅಂತ ಬರೆಸಿಕೊಂಡು ಬಾ, ಆಮೇಲೆ ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟು ನೋಡು. ಕಾರು ಬುಕ್ ಮಾಡುವ ಮೊದಲೇ ಈ ಅರ್ಜಿ ಕೊಡುವುದು ಜಾಣತನ. ಮೀಟರು ಬರುವಷ್ಟರಲ್ಲಿ ಕಾರೂ ಬಂದಿರುತ್ತದೆ.

ಉಳಿತಾಯ ನಿಜವಾಗಿಯೂ ಇದೆ, ಅದರಲ್ಲಿ ಅನುಮಾನ ಬೇಡ. ಯೂನಿಟ್ಟಿಗೆ ಎಲ್ಲ ಸೇರಿ ಏಳು ರೂಪಾಯಿ ಹಿಡಿದರೂ ತಿಂಗಳಿಗೆ ಸಾವಿರದ ಏಳುನೂರು. ಅಷ್ಟೇ ಓಟಕ್ಕೆ ಲೀಟರಿಗೆ ಹದಿನಾರು ಕೊಡುವ ಪೆಟ್ರೋಲ್ ಕಾರಾದರೆ ನೂರೊಂಬತ್ತು ಲೀಟರ್, ಹನ್ನೊಂದು ಸಾವಿರದ ಮೇಲೆ. ವರ್ಷಕ್ಕೆ ಲಕ್ಷ ರೂಪಾಯಿಗೂ ಮಿಕ್ಕಿ ಉಳಿಯಿತು. ಕಾರಿನ ಬೆಲೆಯಲ್ಲಿ ಎರಡೂವರೆ ಮೂರು ಲಕ್ಷ ಹೆಚ್ಚು ಕೊಟ್ಟಿದ್ದು ಮೂರು ವರ್ಷದಲ್ಲಿ ವಾಪಸು. ಆದರೆ ಇದು ದಿನಾ ಓಡುವವನ ಲೆಕ್ಕ, ಅದೂ ಮನೆಯಲ್ಲಿ ಚಾರ್ಜ್ ಮಾಡುವವನ ಲೆಕ್ಕ. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಹದಿನೆಂಟು ಇಪ್ಪತ್ತರ ಮೇಲೆ ಕೊಡಬೇಕು. ಅಲ್ಲೇ ಚಾರ್ಜ್ ಮಾಡುತ್ತಾ ಹೋದರೆ ಉಳಿತಾಯದಲ್ಲಿ ದೊಡ್ಡ ಪಾಲು ಹೋಯಿತು. ವಾರಕ್ಕೆರಡು ಸಲ ಸಂತೆಗೆ ಹೋಗಿ ಬರುವವನು ಕೇಳಿದ್ದರೆ ಪೆಟ್ರೋಲ್ ಕಾರೇ ಇರಲಿ ಅಂತಿದ್ದೆ.

ತೆರಿಗೆಯ ಬಗ್ಗೆ ಕೇಳಿದ್ದೆಯಂತೆ. ಜಿಎಸ್‌ಟಿ 2019ರ ಆಗಸ್ಟಿನಿಂದ ಎಲೆಕ್ಟ್ರಿಕ್ ವಾಹನಗಳಿಗೆ ಶೇ. 5 ಇದೆ. ರಾಜ್ಯದ ರಸ್ತೆ ತೆರಿಗೆಯಲ್ಲಿ ಮೊದಲು ಪೂರ್ತಿ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ದಾಟಿದ ಕಾರುಗಳಿಗೆ ತೆರಿಗೆ ಹಾಕಿದರು. ಇದು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವ ಬಾಬತ್ತು, ಕೊಳ್ಳುವ ವಾರ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೋ. ಇನ್ನೊಂದು, ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಇತ್ತು.

ಇನ್ನು ಬ್ಯಾಟರಿ ಎಷ್ಟು ದೊಡ್ಡದು ಬೇಕು? ಎಲ್ಲರೂ ಎಡವುವ ಜಾಗ ಇದು. ಕಂಪನಿಯವರು 315 ಕಿ.ಮೀ., 421 ಕಿ.ಮೀ. ಅಂತ ಬರೆದಿರುತ್ತಾರೆ. ಅದು ಪ್ರಯೋಗಾಲಯದ ರೋಲರಿನ ಮೇಲೆ ಓಡಿಸಿ ಅಳೆದದ್ದು. ನಮ್ಮ ರಸ್ತೆಯಲ್ಲಿ ಅದರ ನೂರಕ್ಕೆ ಅರವತ್ತು, ಅರವತ್ತೈದು ಪಾಲು ಬಂತೆಂದರೆ ಬಂತು. ಟಿಯಾಗೋ ಇವಿಯನ್ನೇ ತಗೋ. 2022ರಲ್ಲಿ ಬಂದಾಗ ದೊಡ್ಡ ಬ್ಯಾಟರಿಯದಕ್ಕೆ, ಅಂದರೆ 24 ಕಿಲೋವ್ಯಾಟ್ ಅವರ್‌ನದಕ್ಕೆ, 315 ಅಂದಿದ್ದರು. ಎಸಿ ಹಾಕಿ ಓಡಿಸಿದರೆ ಇನ್ನೂರರ ಹತ್ತಿರ ಬರುತ್ತದೆ. ಹತ್ತು ಪಾಲು ತಳದಲ್ಲಿ, ಹತ್ತು ಪಾಲು ಮೇಲೆ ಬಿಟ್ಟರೆ ನೂರ ಅರವತ್ತು. ಎಂಟು ವರ್ಷ ಕಳೆದು ಬ್ಯಾಟರಿ ಸೊರಗಿದರೂ ನೂರಿಪ್ಪತ್ತಕ್ಕೆ ಮೋಸ ಇಲ್ಲ. ನಿನಗೆ ದಿನಕ್ಕೆ ಬೇಕಾದದ್ದು ಎಪ್ಪತ್ತು.

ನನ್ನ ಅಳತೆ ಒಂದೇ: ಒಂದು ಸಲ ಚಾರ್ಜ್ ಮಾಡಿದರೆ ಎರಡು ದಿನ ಕೆಲಸಕ್ಕೆ ಹೋಗಿ ಬರುವಂತಿರಬೇಕು. ಯಾಕೆಂದರೆ ನಮ್ಮಲ್ಲಿ ವೈಶಾಖದ ಗಾಳಿಮಳೆಗೆ ಕಂಬ ಬೀಳುತ್ತದೆ, ಟಿಸಿ ಸುಡುತ್ತದೆ. ಸರಿಮಾಡಲು ಹುಡುಗರು ರಾತ್ರಿಯೆಲ್ಲ ಮಳೆಯಲ್ಲಿ ನಿಂತರೂ ಒಂದು ರಾತ್ರಿ ಕರೆಂಟಿಲ್ಲದೆ ಕಳೆಯುವುದುಂಟು. ಆ ರಾತ್ರಿಯ ಮರುದಿನವೂ ನೀನು ಕೆಲಸಕ್ಕೆ ಹೋಗಬೇಕಲ್ಲ. ಈ ಅಳತೆಗೆ 24ರ ಬ್ಯಾಟರಿ ಸರಿಹೊಂದುತ್ತದೆ, ಅದರದೇ ಸಣ್ಣದು, 19ರದ್ದು, ಬಿಗಿಯಾಗುತ್ತದೆ. ನಲವತ್ತರದ್ದು ಬೇಡ, ಲಕ್ಷಗಟ್ಟಲೆ ಹೆಚ್ಚು ಕೊಟ್ಟು ದಿನಾ ಹೊರೆ ಹೊತ್ತು ತಿರುಗಿದಂತೆ. ಬೆಂಗಳೂರಿಗೆ ಹೋಗಬೇಕಾದರೆ ಅಂತೀಯ. ವರ್ಷಕ್ಕೆ ಎರಡು ಸಲ ಹೋಗುತ್ತೀಯ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತು, ಮಲಗಿಕೊಂಡು ಹೋಗು. ಆ ಎರಡು ಪ್ರಯಾಣಕ್ಕಾಗಿ ಉಳಿದ ಮುನ್ನೂರು ದಿನದ ಕಾರು ಆರಿಸಬಾರದು.

ಒಂದು ಸಣ್ಣ ಸಂಗತಿ, ಯಾರೂ ಹೇಳದ್ದು. ಹಗರಿಬೊಮ್ಮನಹಳ್ಳಿ ನಿನಗೆ ಮೂಡಣಕ್ಕೆ, ಊರು ಪಡುವಣಕ್ಕೆ. ಆಷಾಢದಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಗೊತ್ತಲ್ಲ, ಹರಪನಹಳ್ಳಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವುದು ಅದೇ ಗಾಳಿಗೆ. ಬೆಳಿಗ್ಗೆ ಅದು ಬೆನ್ನಿಗಿರುತ್ತದೆ, ಸಂಜೆ ಎದೆಗೆ. ಹೋಗುವಾಗ ಹದಿನೈದು ಪಾಲು ಖರ್ಚಾದ ಚಾರ್ಜು ಬರುವಾಗ ಇಪ್ಪತ್ತು ಆದರೆ ಕಾರು ಕೆಟ್ಟಿತು ಅಂತ ಗಾಬರಿಯಾಗಬೇಡ. ಎಂಬತ್ತರ ವೇಗದಲ್ಲಿ ಹೋಗುವವನಿಗೂ ನೂರರಲ್ಲಿ ಹೋಗುವವನಿಗೂ ಗಾಳಿಯ ತಡೆ ಬಹಳ ವ್ಯತ್ಯಾಸ ಮಾಡುತ್ತದೆ. ನಿಧಾನಕ್ಕೆ ಹೋಗು ಅಂತ ಹೇಳಲು ನನಗೆ ಇದೂ ಒಂದು ನೆಪ ಆಯಿತು.

ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಅನ್ನುವ ಭಯ ನಿಮ್ಮಪ್ಪನ ಕಾಲದವರಲ್ಲಿ ಇನ್ನೂ ಇದೆ. ಅದಕ್ಕೆ ಕಾರಣವೂ ಇದೆ. ದೇಶಕ್ಕೆ ಎಲೆಕ್ಟ್ರಿಕ್ ಕಾರಿನ ರುಚಿ ತೋರಿಸಿದ್ದೇ ನಮ್ಮ ಕರ್ನಾಟಕ. ಚೇತನ್ ಮೈನಿಯವರ ರೇವಾ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂತು, ಲಂಡನ್ನಿನ ಬೀದಿಗಳಲ್ಲೂ ಓಡಿತು. 2010ರಲ್ಲಿ ಮಹೀಂದ್ರಾ ಅದನ್ನು ತನ್ನದಾಗಿಸಿಕೊಂಡಿತು. ಆ ಕಾರಿನಲ್ಲಿ ಇದ್ದದ್ದು ಸೀಸದ ಬ್ಯಾಟರಿ, ಮನೆಯ ಯುಪಿಎಸ್‌ನದರ ಜಾತಿ. ಕೆಲವೇ ವರ್ಷಕ್ಕೆ ಸೆಟ್ಟು ಬದಲಿಸಬೇಕಾಗುತ್ತಿತ್ತು. ಈಗಿನದು ಲಿಥಿಯಂ. ಅದರಲ್ಲೂ ಎಲ್‌ಎಫ್‌ಪಿ ಅನ್ನುವ ಬಗೆ ಇದ್ದರೆ ನಮ್ಮ ಬಿಸಿಲಿಗೆ ವಾಸಿ. ಶಾಖ ಹೆಚ್ಚಾದರೂ ಬೇಗ ಕೆರಳುವುದಿಲ್ಲ, ಹೆಚ್ಚು ಸಲ ಚಾರ್ಜಾಗಿ ಬಾಳುತ್ತದೆ. ಶೋರೂಮಿನಲ್ಲಿ ಇದನ್ನು ಬಾಯಿಬಿಟ್ಟು ಕೇಳು. ಆ ಬಗೆಯದಾದರೆ ಆಗೊಮ್ಮೆ ಈಗೊಮ್ಮೆ ನೂರಕ್ಕೆ ನೂರು ತುಂಬಿಸಬೇಕು, ಇಲ್ಲದಿದ್ದರೆ ಉಳಿದ ಚಾರ್ಜು ಎಷ್ಟೆಂದು ಕಾರಿಗೇ ಲೆಕ್ಕ ತಪ್ಪುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ಹಗಲೆಲ್ಲ ಕಾರು ನಿಂತಿರುತ್ತದಲ್ಲ, ಬೇವಿನ ಮರವೋ ತಗಡಿನ ಚಪ್ಪರವೋ, ನೆರಳು ಹುಡುಕಿಕೋ. ನಲವತ್ತು ಡಿಗ್ರಿ ಬಿಸಿಲಲ್ಲಿ ಕಾದ ಕಾರನ್ನು ತಣ್ಣಗೆ ಮಾಡಲು ಎಸಿ ಎಳೆಯುವ ಕರೆಂಟೂ ಅದೇ ಬ್ಯಾಟರಿಯದು.

ವಾರಂಟಿ ಓದುವಾಗ ಎಂಟು ವರ್ಷ ಅನ್ನುವುದು ಕಣ್ಣಿಗೆ ಬೀಳುತ್ತದೆ, ಅದರ ಪಕ್ಕದ 1,60,000 ಕಿ.ಮೀ. ಬೀಳುವುದಿಲ್ಲ. ಯಾವುದು ಮೊದಲೋ ಅದು. ಕೆಲಸದ ಓಟ, ಮೇಲಿನ ತಿರುಗಾಟ ಸೇರಿ ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಆಗುತ್ತದೆ ನಿನಗೆ. ಆರೂವರೆ ವರ್ಷಕ್ಕೇ ಮುಗಿಯಿತು. ಸಾಲದ ಕಂತು ಅದರೊಳಗೆ ತೀರುವಂತೆ ನೋಡಿಕೋ. ಬ್ಯಾಟರಿ ಎಷ್ಟು ಪಾಲಿಗೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವುದನ್ನೂ ಕಾಗದದಲ್ಲಿ ತೋರಿಸಲು ಹೇಳು. ಬಾಯಿಮಾತು ಬೇಡ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುತ್ತೇವೆ, ಕಾರಿನ ಬೆಲೆ ಕಮ್ಮಿಯಾಗುತ್ತದೆ ಅಂತ ಎಂಜಿಯವರು 2024ರಲ್ಲಿ ಶುರುಮಾಡಿದ್ದಾರಲ್ಲ, ಅದು ನಿನ್ನಂಥವನಿಗಲ್ಲ. ಬಂದಾಗ ಅವರ ವಿಂಡ್ಸರ್ ಕಾರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ, ಕಾಮೆಟ್‌ಗೆ ಎರಡೂವರೆ ಇತ್ತು. 1750ಕ್ಕೆ ಗುಣಿಸಿ ನೋಡು. ವಿಂಡ್ಸರ್ ಆದರೆ ಆರು ಸಾವಿರದ ಮೇಲೆ ಬಾಡಿಗೆ, ಅದರ ಮೇಲೆ ಕರೆಂಟಿನ ಬಿಲ್ಲು. ದಿನಾ ಓಡುವವನ ಉಳಿತಾಯವನ್ನು ಅದೇ ತಿಂದುಬಿಡುತ್ತದೆ.

ಕಾಮೆಟ್ ಚಿಕ್ಕದಾಗಿ ಮುದ್ದಾಗಿದೆ, ಬೆಂಗಳೂರಿನ ಗಲ್ಲಿಗಳಲ್ಲಿ ಅದರಷ್ಟು ಅನುಕೂಲ ಯಾವುದೂ ಇಲ್ಲ. ಹನ್ನೆರಡು ಇಂಚಿನ ಚಕ್ರ ಮಾತ್ರ ನಮ್ಮ ರಸ್ತೆಗೆ ಸಾಲದು. ಮಳೆಗಾಲ ಮುಗಿದ ಮೇಲೆ ರಸ್ತೆಯ ಅಂಚು ಹೇಗೆ ಕಿತ್ತು ಹೋಗಿರುತ್ತದೆ, ಊರೂರಿಗೆ ಜನ ತಾವೇ ಹಾಕಿಕೊಂಡ ಹಂಪು ಎಷ್ಟೆತ್ತರ ಇರುತ್ತವೆ ಅನ್ನುವುದು ನಿನಗೆ ಹೇಳಬೇಕೆ. ಈ ಕಾರುಗಳಿಗೆ ಬ್ಯಾಟರಿ ಇರುವುದೇ ಹೊಟ್ಟೆಯ ಕೆಳಗೆ. ತಳ ತಾಗಿದರೆ ಪೆಟ್ಟು ಬೀಳುವುದು ಕಾರಿನ ಅತಿ ದುಬಾರಿ ಭಾಗಕ್ಕೆ. ಪಂಚ್ ಇವಿ 190 ಮಿ.ಮೀ. ನೆಲದಿಂದ ಎತ್ತರ ಇದೆ, ಟಿಯಾಗೋ ಅದಕ್ಕಿಂತ ತಗ್ಗು. 2024ರ ಜನವರಿಯಲ್ಲಿ ಬಂದಾಗ ಪಂಚ್‌ಗೆ 25 ಮತ್ತು 35ರ ಬ್ಯಾಟರಿ ಇದ್ದವು. ಕೈಯಲ್ಲಿ ದುಡ್ಡಿದ್ದರೆ ಪಂಚ್‌ನ ಸಣ್ಣ ಬ್ಯಾಟರಿಯದೇ ನಿನ್ನ ಓಟಕ್ಕೆ ತಕ್ಕದ್ದು ಅನ್ನುವುದು ನನ್ನ ಮತ. ಮುಗ್ಗಟ್ಟಿದ್ದರೆ ಟಿಯಾಗೋದ 24. ಮಾದರಿಗಳು ಆಗಾಗ ಬದಲಾಗುತ್ತವೆ, ಹೆಸರಿಗೆ ಜೋತುಬೀಳಬೇಡ. ಅಳತೆ ಹಿಡಿದು ನೋಡು.

ಸ್ಟೆಪ್ನಿ ಇದೆಯೇ ಅಂತ ಡಿಕ್ಕಿ ತೆಗೆಸಿ ನೋಡು. ಕೆಲವು ಇವಿಗಳಲ್ಲಿ ಇರುವುದೇ ಇಲ್ಲ, ಗಾಳಿ ಹೊಡೆಯುವ ಡಬ್ಬಿ, ಅಂಟು ಕೊಟ್ಟಿರುತ್ತಾರೆ. ದಾರಿಯುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದ ಸೀಮೆ ನಮ್ಮದು. ಇಲ್ಲದಿದ್ದರೆ ಬೇರೆ ದುಡ್ಡು ಕೊಟ್ಟಾದರೂ ಒಂದು ಗಾಲಿ ಇಟ್ಟುಕೋ.

ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆ ಹುರುಳಿ, ಸಜ್ಜೆ, ತೊಗರಿ ಹರವಿರುತ್ತಾರೆ. ಕಣ ಮಾಡಲು ಜಾಗ ಇಲ್ಲದ ರೈತ ಏನು ಮಾಡಿಯಾನು? ಹುರುಳಿ ಸಿಪ್ಪೆ ಕಾರಿನ ತಳಕ್ಕೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡು ಕಾರುಗಳು ಸುಟ್ಟದ್ದು ನಮ್ಮ ರಾಜ್ಯದಲ್ಲಿ ಆಗಾಗ ನಡೆದಿದೆ. ಎಲೆಕ್ಟ್ರಿಕ್ ಕಾರಿಗೆ ಕಾದ ಸೈಲೆನ್ಸರ್ ಇಲ್ಲ ನಿಜ. ಹಾಗಂತ ಬಳ್ಳಿ ಸುತ್ತುವುದು ತಪ್ಪುವುದಿಲ್ಲ, ತಿರುಗುವ ಗಾಲಿಯ ಅಚ್ಚಿಗೆ ಬಿಗಿದುಕೊಂಡರೆ ತಿಕ್ಕಿ ತಿಕ್ಕಿ ಬಿಸಿಯೇರುತ್ತದೆ. ಹರವಿದ್ದು ಕಂಡರೆ ಪಕ್ಕದಿಂದ ಹೋಗು. ಹಾಯಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ಹಾಕಿ ಹೋಗು. ಅಲ್ಲೇ ಕಿತ್ತಳೆ ಬಣ್ಣದ ದಪ್ಪ ವೈರು ಕಂಡರೆ ಅದನ್ನು ಮುಟ್ಟಬೇಡ, ಯಾವ ಮೆಕ್ಯಾನಿಕ್ಕಿಗೂ ಮುಟ್ಟಲು ಬಿಡಬೇಡ. ಮುನ್ನೂರರ ಆಸುಪಾಸಿನ ಡಿಸಿ ವೋಲ್ಟು ಹರಿಯುವುದು ಅದರಲ್ಲೇ. ಕಂಬದ ಮೇಲಿನ ಲೈನಿಗೆ ಕೊಡುವಷ್ಟೇ ಮರ್ಯಾದೆ ಅದಕ್ಕೂ ಕೊಡಬೇಕು.

ಸದ್ದಿನ ವಿಷಯ ಮರೆಯುವ ಹಾಗಿಲ್ಲ. ಭಾರತ ಹುಣ್ಣಿಮೆ ಬಂತೆಂದರೆ ಮೈಲಾರದ ದಾರಿಯಲ್ಲಿ ಸಾಲುಸಾಲು ಎತ್ತಿನ ಬಂಡಿ, ಕಂಬಳಿ ಹೊದ್ದು ರಾತ್ರಿಯೆಲ್ಲ ನಡೆಯುವ ಭಕ್ತರು. ಮೈಲಾರಲಿಂಗನ ಕಾರಣಿಕ ಕೇಳಲು ಎಲ್ಲೆಲ್ಲಿಂದಲೋ ಬಂದವರು. ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಿ ಪಕ್ಕಕ್ಕೆ ಸರಿಯುವುದು ಅವರಿಗೆ ರೂಢಿ. ನಿನ್ನ ಕಾರು ನಿಧಾನಕ್ಕೆ ಬಂದರೆ ಸದ್ದೇ ಇರುವುದಿಲ್ಲ. ಒಮ್ಮೆಲೇ ಬೆನ್ನ ಹಿಂದೆ ಹಾರನ್ ಹೊಡೆದರೆ ಜನ ಬೆಚ್ಚುತ್ತಾರೆ, ಎತ್ತು ಬೆದರಿ ಬಂಡಿ ಸಮೇತ ರಸ್ತೆಗೆ ನುಗ್ಗುತ್ತವೆ. ದೂರದಲ್ಲೇ ಒಂದು ಸಲ ಮೆಲ್ಲಗೆ ಹಾರನ್ ಮಾಡಿ, ದೀಪ ತಗ್ಗಿಸಿ, ಅವರು ತಿರುಗಿ ನೋಡಿದ ಮೇಲೆ ದಾಟು. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಪಾದಯಾತ್ರೆ ಹೋಗುವವರಿಗೂ ಇದೇ ಮಾತು. ನಮ್ಮ ಓಣಿಯ ಮುದುಕರು, ಮಕ್ಕಳು, ಬಾಗಿಲಲ್ಲಿ ಮಲಗಿದ ನಾಯಿ ಎಲ್ಲಕ್ಕೂ ಹೊಸ ಕಾರಿನ ಅಭ್ಯಾಸ ಆಗಲು ಕೆಲವು ದಿನ ಬೇಕು. ಹಿಂದಕ್ಕೆ ತೆಗೆಯುವಾಗ ಇಳಿದು ನೋಡಿ ತೆಗೆ.

ಕೆಟ್ಟು ನಿಂತರೆ? ಎಷ್ಟೋ ಸಲ ದೊಡ್ಡ ಬ್ಯಾಟರಿ ತುಂಬಿರುತ್ತದೆ, ಬಾನೆಟ್ಟಿನ ಕೆಳಗಿನ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಸತ್ತು ಕಾರು ಎಚ್ಚರವಾಗುವುದಿಲ್ಲ. ಅದನ್ನು ಮೊದಲು ನೋಡಿಸು. ನಮ್ಮ ಜನ ಉಪಕಾರಿಗಳು, ಕಾರು ನಿಂತದ್ದು ಕಂಡರೆ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿಬಿಡುತ್ತಾರೆ. ಕೈಮುಗಿದು ಬೇಡ ಅನ್ನು. ಮೋಟಾರಿಗೆ ಸೇರಿದ ಗಾಲಿಗಳು ನೆಲದ ಮೇಲೆ ಉರುಳುತ್ತಾ ಹೋದರೆ ಮೋಟಾರು ಒಳಗೇ ಕರೆಂಟು ಹುಟ್ಟಿಸಿ ಕೆಡಬಹುದು. ನಾಲ್ಕೂ ಗಾಲಿ ಎತ್ತಿ ಸಾಗಿಸುವ ಗಾಡಿಯನ್ನೇ ಕರೆಸಬೇಕು. ಆದ್ದರಿಂದ ವಿಮೆ ಮಾಡಿಸುವಾಗ ದಾರಿಯಲ್ಲಿ ನೆರವು ಕೊಡುವ ಸೌಲಭ್ಯ ಸೇರಿಸಿಕೋ, ಎಷ್ಟು ಕಿಲೋಮೀಟರಿನವರೆಗೆ ಉಚಿತವಾಗಿ ಒಯ್ಯುತ್ತಾರೆ ಅಂತ ಓದಿಕೋ. ಇವಿ ಕೆಲಸ ಕಲಿತ ಮೆಕ್ಯಾನಿಕ್ ಹೊಸಪೇಟೆಯಲ್ಲೇ ಇದ್ದಾನೋ, ದಾವಣಗೆರೆಗೆ ಒಯ್ಯಬೇಕೋ ಅನ್ನುವುದನ್ನು ದುಡ್ಡು ಕಟ್ಟುವ ಮೊದಲು ಸರ್ವಿಸ್ ಸೆಂಟರಿಗೇ ಹೋಗಿ ಕೇಳು. ಮಾರುವವನನ್ನು ಕೇಳಬೇಡ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೊಳ್ಳಲೇ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ. ತಗೋಬಹುದು, ಬೆಲೆ ಚೆನ್ನಾಗಿ ಇಳಿದಿರುತ್ತದೆ. ಕುರುವತ್ತಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಹಿಡಿದು ನೋಡುವಂತೆ ಬ್ಯಾಟರಿಯ ಆರೋಗ್ಯದ ವರದಿ ನೋಡಬೇಕು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅದನ್ನು ತೆಗೆದುಕೊಡುತ್ತಾರೆ. ಮಾರುವವನು ಅದಕ್ಕೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸು. ಉಳಿದ ವಾರಂಟಿ ಎರಡನೆಯ ಮಾಲೀಕನಿಗೂ ಸಲ್ಲುತ್ತದೆಯೇ ಅನ್ನುವುದನ್ನು ಕಾಗದದಲ್ಲಿ ಖಚಿತ ಮಾಡಿಕೋ.

ಕೊನೆಗೆ ಟೆಸ್ಟ್ ಡ್ರೈವ್. ಹೊಸಪೇಟೆಯ ಬೈಪಾಸಿನಲ್ಲಿ ಐದು ನಿಮಿಷ ಓಡಿಸಿ ಬರಬೇಡ. ಕಾರನ್ನು ಒಂದು ದಿನ ಊರಿಗೆ ಕಳಿಸಿ ಅಂತ ಕೇಳು, ಕೊಳ್ಳುವ ಗಿರಾಕಿ ಅಂತ ಗೊತ್ತಾದರೆ ಕೆಲವರು ಒಪ್ಪುತ್ತಾರೆ. ನಾಲ್ಕು ಜನ ಕೂತು, ಎಸಿ ಹಾಕಿ, ನಿನ್ನ ದಾರಿಯಲ್ಲೇ ಹೋಗಿ ಬಾ. ಹಂಪಿನ ಮೇಲೆ ತಳ ತಾಗಿತೋ ಇಲ್ಲವೋ ಕಿವಿಗೊಟ್ಟು ಕೇಳು. ನಿಮ್ಮವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸು. ಬ್ಯಾಟರಿಯಿಂದಾಗಿ ಕೆಲವು ಕಾರುಗಳಲ್ಲಿ ಕಾಲಿಡುವ ನೆಲ ಮೇಲೆ ಬಂದಿರುತ್ತದೆ, ಮೊಣಕಾಲು ಎತ್ತರಕ್ಕೆ ಮಡಚಿಕೊಂಡು ಕೂರಬೇಕಾಗುತ್ತದೆ. ಅವಳಿಗೆ ಮೊಣಕಾಲು ನೋವು. ಚೆನ್ನಾಗಿದೆ ಕಣೋ ಅಂತಲೇ ಅನ್ನುತ್ತಾಳೆ, ನಿನ್ನ ಸಂತೋಷ ಕೆಡಿಸುವವಳಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿಯುವಾಗ ಬಾಗಿಲು ಹಿಡಿದುಕೊಂಡು ಏಳುತ್ತಾಳೋ, ಸಲೀಸಾಗಿ ಏಳುತ್ತಾಳೋ ಅದನ್ನು ನೋಡಿ ನೀನೇ ತೀರ್ಮಾನಿಸು.